ಮರಳು ಮೂಟೆ ಒರಗುವುದಿಲ್ಲ

ಸೋಮವಾರ, ಮಾರ್ಚ್ ೧೧
ವರ್ಕ್‌ಶಾಪಿನಿಂದ

ಮುದ್ದು ಮಗಳೇ,

ನಾವಿಬ್ಬರೂ ಸೌಖ್ಯ, ನೀನೂ ಮಗುವೂ ಹಾಗೇ ಇರಬೇಕು. ಇಷ್ಟು ದಿನ ಸುದ್ದಿಯಿಲ್ಲದ್ದಕ್ಕೆ ಬೈದುಕೋ, ಬೈಗುಳಕ್ಕೆ ನಾನು ಯಾವತ್ತೂ ರಸೀತಿ ಕೇಳಿದವನಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಪಕ್ಕದಲ್ಲಿ ಯಾರಿರುತ್ತಾರೋ ತಿಳಿಯುವುದಿಲ್ಲ.

ಊರಿನ ಹೊಸ ರೈಲಿಗೆ ನಮ್ಮ ವರ್ಕ್‌ಶಾಪಿನ ಬಾಗಿಲುಗಳೆಲ್ಲ ಕೂತವು. ಒಂದು ಕಾಲಕ್ಕೆ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ ನಿನ್ನಪ್ಪನ ಬಾಗಿಲು ಈಗ ಗುಂಡಿ ಒತ್ತಿದರೆ ಸರ್ರನೆ ಸರಿಯುತ್ತದೆ. ನಿನ್ನಮ್ಮ ಮಾತ್ರ, "ನಮ್ಮ ಬಚ್ಚಲ ಬಾಗಿಲು ಇನ್ನೂ ಕಿರ್ರೋ ಅಂತಿದೆ, ಅದನ್ನ ಯಾರಿಗೆ ಹೇಳ್ಲಿ?" ಅನ್ನುತ್ತಾಳೆ. ಉದ್ಘಾಟನೆಗೆ ಮುಂಚೆ ರೈಲನ್ನು ಓಡಿಸಿ ಓಡಿಸಿ ಪರೀಕ್ಷಿಸುತ್ತಾರಲ್ಲ, ಅದು ನಿನ್ನ ಗಂಡನ ಸುಪರ್ದಿಯದು. ಜನರ ಬದಲು ಸೀಟಿನ ಮೇಲೆ ಮರಳು ಮೂಟೆ. ಬಂಗಾರದಂಥ ಪ್ರಯಾಣಿಕರು! ಎಲ್ಲ ಬಾಗಿಲೂ ಪಾಸು.

ನನಗೇ ಸಮಾಧಾನವಾಗಲಿಲ್ಲ. ಮೂಟೆ ಕೂತಲ್ಲೇ ಕೂರುತ್ತದೆ. ಮನುಷ್ಯ ಬಾಗಿಲಿಗೆ ಒರಗದೆ ಬದುಕಿದ್ದುಂಟೇ? ನಿನ್ನೆ ಅಳಿಯಂದಿರನ್ನು ಕಾಡಿ ಬೇಡಿ, ವರ್ಕ್‌ಶಾಪಿನವರನ್ನು ಸಂಸಾರ ಸಮೇತ ಒಂದು ಬೋಗಿಗೆ ತುಂಬಿಸಿ ನಾನೂ ಹತ್ತಿದೆ. ಆಫೀಸಿನ ಹೊತ್ತಿನ ಹಾಗೆ ಒರಗಿ ನಿಲ್ಲಿ ಅಂದೆ. ನಿಲ್ದಾಣ ಬಂತು, ಬಾಗಿಲು ತೆರೆಯಲಿಲ್ಲ. ಭಾರಕ್ಕೆ ಉಬ್ಬಿ ತಳದ ಸಂದಿನಲ್ಲಿ ಕಚ್ಚಿಕೊಂಡಿತ್ತು. ಹಿಂದೆ ಸರಿದರೂ ಬಿಡಲಿಲ್ಲ.

"ಸಾಹುಕಾರ್ರೇ, ಬಾಗಿಲೂ ನಿಮ್ಮ ಥರಾನೇ, ಹಿಡಿದ್ರೆ ಬಿಡಲ್ಲ," ಎಂದ ನಮ್ಮ ಫಿಟ್ಟರ್. ಎಲ್ಲರೂ ನಕ್ಕರು. ಆಮೇಲೆ ಸೆಕೆಗೆ ಅವನ ಕೂಸು ಅಳತೊಡಗಿತು. ನಗು ನಿಂತಿತು.

ಹೊರಬಂದ ಮೇಲೆ ಅಳಿಯಂದಿರಿಗೆ ಹೇಳಿದೆ: ತಳದ ಪಟ್ಟಿ ಬದಲಾಯಿಸೋಣ, ಖರ್ಚು ನನ್ನದೇ, ಉದ್ಘಾಟನೆ ಸ್ವಲ್ಪ ಮುಂದಕ್ಕೆ ಹೋಗಲಿ.

"ಮಾವ, ಎಲ್ಲಾ ಸರಿ ಇದೆ ಅಂತ ಮೇಲಿನವರಿಗೆ ಆಗ್ಲೇ ಹೇಳಿಬಿಟ್ಟಿದೀನಿ. ಈಗ ಇಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ. ನಿಮ್ಮ ಮಗಳು ಏನು ತಿಂತಾಳೆ?"

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯೇ ನನಗಿಂತ ವಾಸಿ, ಅದಕ್ಕೆ ಮಗಳಿಲ್ಲ. ಬಾಯಿ ಬಿಟ್ಟರೆ ನಿನ್ನ ಸಂಸಾರ, ಮುಚ್ಚಿದರೆ ಊರ ಮಂದಿಯ ಜೀವ. ಕೂಡಿಸಿದೆ, ಕಳೆದೆ, ಹೇಗೆ ಎಣಿಸಿದರೂ ಕೊನೆಗೆ ಉಳಿಯುವವಳು ನೀನೇ. ಆದರೂ ನಾಳೆ ಮೇಲಿನವರ ಮುಂದೆ ಹೋಗಿ ಹೇಳಿಬಿಡುತ್ತೇನೆ. ಮೊದಲು ನಿನಗೆ ತಿಳಿದಿರಲಿ ಎಂದು ಈ ಕಾಗದ. ಫಿಟ್ಟರನ ಹೆಂಡತಿ ಇದನ್ನು ನಿನ್ನ ಕೈಗೇ ಕೊಡುತ್ತಾಳೆ.

ಮಗುವಿಗೆ ತಾತನ ಮುತ್ತು. ನನ್ನ ಕೈ ಎಷ್ಟೇ ಗ್ರೀಸಾಗಿದ್ದರೂ ನಿನ್ನ ತಲೆಯ ಮೇಲೆ ಸದಾ ಇದೆ.

ನಿನ್ನ ಅಪ್ಪ

ತಾ.ಕ.: ಒಂದು ಮಾತು ಬಿಟ್ಟೆ. ಬಾಗಿಲು ಕಚ್ಚಿಕೊಂಡಾಗ ಅಳಿಯಂದಿರು ನಿಲ್ದಾಣದಲ್ಲಿ, ಗಾಜಿನ ಆಚೆಯೇ ನಿಂತಿದ್ದರು. ಹೊರಗಿನಿಂದ ಬಿಡಿಸುವ ಕೀಲಿ ಅವರ ಕೈಯಲ್ಲೇ ಇತ್ತು. "ಯಾರಿಗೂ ಹೇಳಲ್ಲ ಅಂತ ತಲೆ ಆಡಿಸಿ ಮಾವ, ತೆಗೀತೀನಿ," ಎಂದರು, ನಗುನಗುತ್ತಲೇ. ಒಳಗೆ ಕೂಸು ಅಳುತ್ತಿತ್ತು. ತಲೆ ಆಡಿಸಿದೆ.

ಹೋದ ಸಲ ಫೋನಿನಲ್ಲಿ ನೀನು, "ಆಚೆ ಕಾಲಿಟ್ಟು ತಿಂಗಳಾಯ್ತಪ್ಪಾ" ಅಂದಿದ್ದೆ. ಮಗುವಿನ ಕೆಲಸ ಜಾಸ್ತಿ ಎಂದುಕೊಂಡು ನಾನು ನಕ್ಕಿದ್ದೆ. ನಿಮ್ಮ ಮನೆಯ ಕೀಲಿ ಯಾರ ಹತ್ತಿರ ಇರುತ್ತದೆ, ಮಗಳೇ?