ಓದದೆ ಕೇಳಿದ ಕ್ಷಮೆ

ಮನೆ, ಊಟದ ಮೇಜು
ಶುಕ್ರವಾರ, ಫೆಬ್ರವರಿ ೨೧

ಪ್ರೀತಿಯ ಚಿನಕುರುಳಿ,

ಕೆಮ್ಮು ಹೇಗಿದೆ? ಔಷಧಿ ಇಲ್ಲೇ ಬಿಟ್ಟುಹೋಗಿದ್ದೀಯ. ಚಿಕ್ಕಮ್ಮ ಬೇರೆ ತರಿಸಿದಳಂತೆ. ಅವಳ ಮನೆಯಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಫೋನ್ ಎತ್ತದೆ ಇವತ್ತಿಗೆ ಎಂಟು ದಿನ. ಅದಕ್ಕೇ ಈ ಕಾಗದ.

ನನಗೆ ಸಿಟ್ಟು ಬಂದಿದೆ, ನಿನ್ನ ಮೇಲಲ್ಲ. ಹದಿನೈದು ವರ್ಷದ ಹುಡುಗಿ ಶಾಲೆಯ ಗೋಡೆಪತ್ರಿಕೆಗೆ ಬರೆದ ಒಂದು ಪುಟಕ್ಕೆ ಹೆದರಿ, ಅದನ್ನು ಹರಿದುಹಾಕಿ, ಹೆಡ್‌ಮಿಸ್ಸಿನ ಕೋಣೆಗೆ ನುಗ್ಗಿದರಲ್ಲ, ಆ ನಲವತ್ತು ಜನ ಪಾಲಕರ ಮೇಲೆ. ಧರ್ಮಕ್ಕೆ ಅವಮಾನವಂತೆ. ನಾನೂ ದಿನಾ ಕಣ್ಣು ಮುಚ್ಚಿ ಬೇಡಿಕೊಳ್ಳುವುದು ಅದೇ ದೇವರನ್ನು. ಒಂದು ಪುಟಕ್ಕೆ ಕುಸಿದುಬೀಳುವಷ್ಟು ಬಡಕಲೇ ಅವನು? ಆದರೆ ಅವರಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೆ. "ಒಂದ್ ಪತ್ರ ಕೊಟ್ಬಿಡಿ ಮೇಡಂ, ಪರೀಕ್ಷೆ ಹತ್ರ ಇದೆ" ಎಂದು ಹೆಡ್‌ಮಿಸ್ಸು ಹೇಳಿದ್ದೇ ತಡ, ಐದು ನಿಮಿಷದಲ್ಲಿ ನಿನ್ನ ಹೆಸರಿನಲ್ಲಿ ಕ್ಷಮಾಪಣೆ ಬರೆದುಕೊಟ್ಟೆ. ಇಂಗ್ಲಿಷ್ ಶಾಲೆ ನನಗೆ ಕಲಿಸಿದ ಮೊದಲ ಮಾತೇ ಸಾರಿ. ಆಮೇಲೆ ಹದಿನೆಂಟು ವರ್ಷ ಕಂಪನಿಯ ದೂರು ವಿಭಾಗದಲ್ಲಿ ಕೂತು, ಕೆಟ್ಟ ಫ್ಯಾನಿಗೂ ಒಡೆದ ಗಾಜಿಗೂ ವಿಷಾದ ಬರೆದ ಕೈ ಇದು. ದೂರನ್ನು ಪೂರ್ತಿ ಓದದೆ ಉತ್ತರ ಬರೆಯುವುದು ನಮ್ಮಲ್ಲಿ ರೂಢಿ. ನಿನ್ನ ಬರಹವನ್ನೂ ನಾನು ಓದಿರಲಿಲ್ಲ.

ನಿನ್ನೆ ನಿನ್ನ ಗೆಳತಿಯ ತಾಯಿ, ಟೈಲರಮ್ಮ, ಬಂದಿದ್ದರು. ಕೂರಲಿಲ್ಲ. "ನಮ್ ಹುಡುಗಿ ಪರ ಮಾತಾಡಿದ್ದು ತಪ್ಪು ಅಂತ ಬರ್ಕೊಟ್ರಂತೆ. ನಮ್ ದೇವ್ರು ಬೇರೆ, ಸರಿ. ಅದಕ್ಕೆ ನಿಮ್ ಪ್ರಾರ್ಥನೆ ಮುಗಿಯೋತನಕ ಅವಳು ದಿನಾ ಕಾರಿಡಾರಲ್ಲೇ ನಿಂತಿರ್ಬೇಕಾ ಅಕ್ಕಾ?" ಎಂದರು. ಮಗಳು ಚೂರು ಚೂರು ಆಯ್ದು ಜೋಡಿಸಿದ್ದ ನಿನ್ನ ಪುಟವನ್ನು ಮೇಜಿನ ಮೇಲಿಟ್ಟು ಹೋದರು. "ದೇವರಿಗೆ ನಮ್ಮ ದನಿ ಮಾತ್ರ ಕೇಳಿಸುತ್ತದೆ ಎಂದು ಇವರಿಗೆ ಹೇಳಿದವರು ಯಾರು?" ಎಂದು ಬರೆದಿದ್ದೀಯ. ಇದರಲ್ಲಿ ಅವಮಾನ ಎಲ್ಲಿದೆ ಎಂದು ಮೂರು ಸಲ ಹುಡುಕಿದೆ. ಸಿಕ್ಕಿದ್ದು ನನ್ನ ಕ್ಷಮಾಪಣೆಯಲ್ಲಿ.

ಚಿಕ್ಕಮ್ಮನನ್ನು ಕೇಳಿದೆ ಎಂದು ಹೇಳು. ಕೆಮ್ಮು ಬಿಟ್ಟು ನಿನ್ನ ಗಂಟಲಲ್ಲಿ ಇರುವುದೆಲ್ಲ ಹಾಗೇ ಇರಲಿ.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮುಂಚೆ, ಶನಿವಾರ: ಬೆಳಿಗ್ಗೆ ಶಾಲೆಗೆ ಹೋಗಿ ಆ ಪತ್ರ ಹಿಂತೆಗೆದುಕೊಂಡೆ. "ಹಾಗಾದ್ರೆ ಪರೀಕ್ಷೆಗೆ ಕೂರ್ಸೋದು ಕಷ್ಟ" ಎಂದರು ಹೆಡ್‌ಮಿಸ್ಸು. ಅದನ್ನೇ ಬರೆದುಕೊಡಿ ಎಂದೆ; ಅವರ ಕೈ ಪೆನ್ನಿಗೆ ಹೋಗಲಿಲ್ಲ. ಸೋಮವಾರ ತಿಳಿಸುತ್ತಾರಂತೆ. ಬರುವಾಗ ನಿನ್ನ ಪುಟವನ್ನು ಅದೇ ಗೋಡೆಗೆ ಅಂಟಿಸಿದೆ. ಒಳಗೆ ಪ್ರಾರ್ಥನೆ ನಡೆದಿತ್ತು. ಕಾರಿಡಾರಿನಲ್ಲಿ ನಿಂತಿದ್ದ ನಿನ್ನ ಗೆಳತಿ ಟೇಪು ಕತ್ತರಿಸಿ ಕೊಟ್ಟಳು. ಈ ಸಲವೂ ನಿನ್ನನ್ನು ಕೇಳಲಿಲ್ಲ. ಬಂದು ಬೈ.