ಕಾಯಿಸದ ನೀರು

ಕೌದಳ್ಳಿ
12 ಜುಲೈ 2024

ನನ್ನ ಮುದ್ದು ಕೋಮಲಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಎಂಟನೇ ತಿಂಗಳಲ್ಲೂ ಹೊನ್ನೂರಿನಿಂದ ಯಳಂದೂರಿಗೆ ಆಟೋದಲ್ಲಿ ಓಡಾಡುತ್ತೀಯಂತೆ, ಸ್ವಲ್ಪ ಕೂತುಕೊಳ್ಳೇ. ಇಂಗ್ಲಿಷ್ ಮೀಡಿಯಂ ಅತ್ತಿಗೆಯ ಕಾಗುಣಿತ ನೋಡಿ ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನಮ್ಮ ಇಲ್ಲಿ ನನ್ನ ಪಕ್ಕದಲ್ಲೇ ಇರುತ್ತಾರೆ.

ನನಗೆ ಕಾಮಾಲೆ ಬಂದಿತ್ತು ಅಂತಷ್ಟೇ ನಿನಗೆ ಗೊತ್ತು. ನನ್ನ ಹೊಟ್ಟೆಯಲ್ಲೂ ನಾಲ್ಕು ತಿಂಗಳ ಮಗುವಿತ್ತು ಕೋಮಲಾ. ನಿನ್ನ ಸೀಮಂತದ ದಿನ ಹೇಳಿ ಕುಣಿಸಬೇಕೆಂದು ಗುಟ್ಟಾಗಿಟ್ಟಿದ್ದೆ. ಆ ಕಾಮಾಲೆಯಲ್ಲೇ ಹೋಯಿತು. ಬಸುರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದೆಂದು ಮನೆಯವರು ನಿನ್ನಿಂದ ಮುಚ್ಚಿಟ್ಟರು.

ಮದುವೆಯಾಗಿ ಬಂದಾಗ ನಿಮ್ಮ ಮನೆಯ ನೀರು ನೋಡಿ ನನಗೆ ಹುಚ್ಚು ಸಂಭ್ರಮ. ಬೆಟ್ಟದ ಒರತೆಯಿಂದ ಪೈಪಿನಲ್ಲಿ ಇಳಿದು ಹಿತ್ತಲ ತೊಟ್ಟಿಗೆ ಬೀಳುತ್ತದೆ, ಮೋಟರೂ ಬೇಡ, ಕರೆಂಟೂ ಬೇಡ. ಕೊಳ್ಳೇಗಾಲದ ಗೆಳತಿಯರಿಗೆಲ್ಲ ವಿಡಿಯೋ ಕಳಿಸಿದ್ದೆ. ದಿನಾ ಬೆಳಿಗ್ಗೆ ಅತ್ತೆ ಒಂದು ಚೊಂಬು ಮೊಗೆದು, ತಾವು ಕುಡಿಯುವ ಮೊದಲು ನನಗೆ ಕುಡಿಸುತ್ತಿದ್ದರು. "ಕಾಯ್ಸುದ್ರೆ ನೀರಿನ್ ಜೀವ ಓಯ್ತದೆ ಕಣವ್ವ" ಅನ್ನುತ್ತಿದ್ದರು. ಅಪ್ಪ ಕೊಡಿಸಿದ ಫಿಲ್ಟರನ್ನು ನಾನೇ ಅಟ್ಟಕ್ಕೆ ಹಾಕಿದೆ. ಅವರಿಗೆ ಮಗಳಾಗಬೇಕೆಂಬ ಆಸೆ ನನಗೆ.

ಕಾಮಾಲೆ ನೀರಿನಿಂದಲೇ ಬಂದದ್ದು ಎಂದರು ಡಾಕ್ಟರು. ತೊಟ್ಟಿಯ ನೀರನ್ನು ಪರೀಕ್ಷೆಗೆ ಕೊಟ್ಟರೆ ಕುಡಿಯಲು ಯೋಗ್ಯವಲ್ಲವೆಂದು ಬಂತು. ತಿಂಗಳು ತುಂಬುತ್ತಿರುವ ಬಸುರಿಗೆ ಈ ಕಾಮಾಲೆ ಬಂದರೆ ತಾಯಿಯೂ ಉಳಿಯುವುದು ಕಷ್ಟವಂತೆ. ನಿಮ್ಮಣ್ಣ ಗುಟ್ಟಾಗಿ ಬ್ಲೀಚಿಂಗ್ ಪೌಡರ್ ಹಾಕಿದರು. ಅತ್ತೆ ವಾಸನೆ ಹಿಡಿದು, ಯಾರೋ ನೀರು ಕೆಡಿಸಿದರೆಂದು ಅಳುತ್ತಾ ತೊಟ್ಟಿಯನ್ನೇ ಖಾಲಿ ಮಾಡಿದರು. ಮಗು ಹೋದದ್ದು ದೃಷ್ಟಿಯಿಂದ ಎಂದೇ ಅವರ ನಂಬಿಕೆ. ಈಗಲೂ ನನಗೆ ತುತ್ತಿಟ್ಟು, ಚೊಂಬು ಹಿಡಿದು ನಿಲ್ಲುತ್ತಾರೆ. ಕುಡಿದಂತೆ ಮಾಡಿ ಹಿತ್ತಲಲ್ಲಿ ಚೆಲ್ಲುತ್ತೇನೆ. ಅವರು ಪ್ರೀತಿಯಿಂದ ಕುಡಿಸಿದ ನೀರೇ ಮಗುವನ್ನು ಕಳೆಯಿತೆಂದು ಹೇಗೆ ಹೇಳಲಿ, ನೀನೇ ಹೇಳು. ನಿನ್ನೆ ನಿನ್ನ ಬಾಣಂತನಕ್ಕೆಂದು ತೊಟ್ಟಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. "ಕೋಮಲುನ್ ಮಗಾನೂ ಈ ನೀರ್ ಕುಡ್ದೇ ಬೆಳೀಬೇಕು" ಅಂದರು.

ನಿನ್ನ ಮನೆಯವರಿಗೆ ನಮಸ್ಕಾರ. ಒಳಗೆ ಒದೆಯುತ್ತಿರುವ ಪುಟಾಣಿಗೆ ನನ್ನ ಸಾವಿರ ಮುತ್ತು.

ನಿನ್ನ ಅತ್ತಿಗೆ
ಸಿಂಧು

ತಾ.ಕ.: ಅತ್ತೆ ಕರೆಯುತ್ತಿದ್ದಾರೆ, ಬೇಗ ಬರೆದುಬಿಡುತ್ತೇನೆ. ನೀನು ಇಲ್ಲಿಗೆ ಬರಬೇಡ. ಹೆರಿಗೆ, ಬಾಣಂತನ ಎಲ್ಲ ಹೊನ್ನೂರಿನಲ್ಲೇ ಆಗಲಿ. ಯಾಕೆ ಬರಲ್ಲ ಎಂದು ನಿನ್ನಮ್ಮ ಕೇಳಿದರೆ ನೀರಿನ ಮಾತೆತ್ತಬೇಡ. "ಮಗು ಕಳೆದುಕೊಂಡ ಅತ್ತಿಗೆಗೆ ನನ್ನ ತುಂಬಿದ ಹೊಟ್ಟೆ ನೋಡಲು ಆಗುವುದಿಲ್ಲವಂತೆ, ಬರಬೇಡ ಅಂದಳು" ಎಂದು ಹೇಳು. ಹೊಟ್ಟೆಕಿಚ್ಚಿನ ಸೊಸೆ ಅಂದುಕೊಳ್ಳಲಿ.