ಎರಡನೇ ಅಡುಗೆಮನೆ

ಹೊಳೆಹಟ್ಟಿ, ಕೊಣ್ಣೂರ ಹತ್ತಿರ
೧೨ ಮೇ ೨೦೨೫

ಪ್ರೀತಿಯ ಲಖನ ಅಣ್ಣಾ,

ಜೈಭೀಮ. ಹೇಗಿದ್ದೀ? ಅಲ್ಲಿ ಗಡಿಯ ಹಿಮದ ಚಳಿಗೆ ನಿನ್ನ ತುಟಿ ಒಡೆದಿದ್ದವಲ್ಲ, ವಾಸಿಯಾದವೇ? ಅವ್ವ ಕೊಟ್ಟ ತುಪ್ಪವನ್ನು ಹಚ್ಚಿಕೊಳ್ಳಲಿಲ್ಲ, ಗೆಳೆಯರೆಲ್ಲ ರೊಟ್ಟಿಗೆ ಸವರಿ ತಿಂದರು ಎಂದು ನನಗೆ ಗೊತ್ತು, ಆಕೆಗೆ ಹೇಳಿಲ್ಲ. ಅವ್ವನ ಮೊಣಕಾಲು ನೋವು ಹಾಗೇ ಇದೆ. ಅಪ್ಪನ ಸಕ್ಕರೆ ಕಡಿಮೆಯಾಗಿದೆ, ಸಿಟ್ಟು ಆಗಿಲ್ಲ. ನಿನ್ನೆ ಗ್ರಾಮಸಭೆಯಲ್ಲಿ ನಡೆದದ್ದು ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಹಿಳಾ ಸಂಘದವರು ಸೇರಿ ಸರ್ಕಾರಕ್ಕೆ ಒಂದು ಯೋಜನೆ ಕಳಿಸಿದ್ದೆವಲ್ಲ? ಹವಾಮಾನ ಕೆಟ್ಟಿದೆ, ಮಳೆ ಹೊತ್ತುಗೊತ್ತಿಲ್ಲದೆ ಸುರಿಯುತ್ತದೆ, ಅದನ್ನು ಎದುರಿಸಲು ಊರಿನವರೇ ಯೋಚಿಸಿ ಕೆಲಸ ಮಾಡಲಿ ಎಂದು ಕೊಡುವ ಅನುದಾನ ಅದು. ನಾವು ಕೇಳಿದ್ದು ಹೊಳೆಯ ದಂಡೆಗೆ ಬಿದಿರು, ಹೊಂಗೆ ಸಾಲು, ಮತ್ತು ನೆರೆ ಬಂದಾಗ ಇಡೀ ಊರು ಉಳಿಯುವಂಥ ಒಂದು ಭವನ: ಸೋಲಾರ್ ದೀಪ, ಮಳೆನೀರಿನ ಟಾಕಿ, ಅಡುಗೆಮನೆ. ಮಂಜೂರಾಯಿತು ಎಂದು ತಿಳಿದ ದಿನ ನಾನು ಕುಣಿಯುವುದೊಂದೇ ಬಾಕಿ ಇತ್ತು. ಕಟ್ಟಲು ಜಾಗವೂ ಒಂದೇ ಇತ್ತು, ಬೇರೆ ಎಲ್ಲಿ ಸಿಗುತ್ತದೆ? ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರೆ ಗೌಡರ ಓಣಿಯೂ ಮುಳುಗುತ್ತದೆ, ಶಾಲೆಯೂ ಮುಳುಗುತ್ತದೆ. ಮುಳುಗದೆ ಉಳಿಯುವುದು ನಮ್ಮ ಕೇರಿಯ ದಿಬ್ಬ ಮಾತ್ರ. ಅದು ಬುದ್ಧವಿಹಾರದ ಜಾಗವಾದ್ದರಿಂದ ವಿಹಾರ ಸಮಿತಿಯ ಅಧ್ಯಕ್ಷನೆಂದು ಅಪ್ಪ ಒಪ್ಪಿಗೆ ಕೊಡಬೇಕಿತ್ತು. ಕೊಡುತ್ತಾನೆ ಎಂದೇ ಎಲ್ಲರೂ ಪೆಂಡಾಲ ಹಾಕಿಸಿ, ಚಹಾ ಕಾಸಿಟ್ಟು ಕುಳಿತಿದ್ದರು.

ಎಂಜಿನಿಯರ್ ನಕಾಶೆ ತೂಗುಹಾಕಿ ಓದುತ್ತಾ ಹೋದರು. ನಾವು ಕಳಿಸಿದ್ದರಲ್ಲಿ ಅಡುಗೆಮನೆ ಒಂದೇ ಇತ್ತು. ಅವರು ಓದಿದ್ದು ಎರಡು. ನನ್ನ ಕಿವಿಗೆ ಕೇಳಿಸಿದ್ದೇ ತಪ್ಪೇನೋ ಅನ್ನಿಸಿತು. ಅಪ್ಪ ಎದ್ದು ನಿಂತ. “ಎರಡ ಯಾಕ್ರಿ ಸಾಹೇಬ್ರ?” ಎಂದ. ಎಂಜಿನಿಯರ್ ಪಂಚಾಯಿತಿ ಸದಸ್ಯ ಸೋಮಶೇಖರನ ಮುಖ ನೋಡಿದರು. ಗೌಡರ ಓಣಿಯ ಶಿವವ್ವ ಆಯಿಯ ಮಗ ಸೋಮಶೇಖರನೇ ಅದನ್ನು ಸೇರಿಸಿದ್ದ ಎಂದು ಆಗ ತಿಳಿಯಿತು. “ತಪ್ಪ ತಿಳೀಬ್ಯಾಡ್ರಿ ಸತ್ತೆಪ್ಪ ಕಾಕಾ, ಭೇದಭಾವ ಏನೂ ಇಲ್ಲ. ಹಿರ್ಯಾರು ಇರ್ತಾರ, ಅವರ ರೂಢಿ ಅವರಿಗೆ” ಎಂದ, ಅದೂ ನಗುನಗುತ್ತಾ.

ಅಪ್ಪ ಕೂಗಾಡಲಿಲ್ಲ, ಅಣ್ಣಾ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. “ಹಂಗಾದ್ರ ನಮ್ಮ ದಿಬ್ಬದ ಮ್ಯಾಲ ಕಟ್ಟಬ್ಯಾಡ್ರಿ. ಅನುದಾನ ವಾಪಸ್ ಹೋದ್ರ ಹೋಗಲಿ. ಹೊಳಿ ಬಂದಾಗ ನಮ್ಮ ಮನಿ ಬಾಗಲಾ ತಗದ ಇರ್ತಾವು, ಆವಾಗೂ ಬರ್ರಿ. ಆದ್ರ ಬ್ಯಾರೆ ಒಲಿ ಹೂಡಾಕ ನಾ ಜಾಗಾ ಕೊಡೂದಿಲ್ಲ” ಎಂದು ಹೇಳಿ ನಿಂತೇ ಇದ್ದ. ನಾನು ಅಂಗಿ ಹಿಡಿದು ಜಗ್ಗಿದೆ. ನಮ್ಮ ಕೇರಿಯವರೇ ಹಿಂದಿನಿಂದ “ಸತ್ತೆಪ್ಪ, ಮಳಿಗಾಲ ಬಂತು, ಹಟಾ ಬಿಡು” ಎಂದು ಬೇಡಿಕೊಂಡರು. ಅವರದೂ ತಪ್ಪಲ್ಲ. ಹಿಂದಿನ ನೆರೆಯಲ್ಲಿ ಇಡೀ ಊರು ನಮ್ಮ ಮನೆಗಳಲ್ಲಿ ಸೇರಿ, ಮಲಗಲು ಜಾಗವಿಲ್ಲದೆ ಮುದುಕರು ಕುಳಿತೇ ಬೆಳಗು ಮಾಡಿದ್ದು ಯಾರಿಗೆ ಮರೆತಿದೆ? ಬೇಡ ಅಂದರೂ ಸಂಕಟ, ಬೇಕು ಅಂದರೂ ಅವಮಾನ. ನನಗೆ ಅಳು ಬಂದುಬಿಟ್ಟಿತು.

ಆಗ ಹೆಂಗಸರ ಸಾಲಿನಿಂದ ಶಿವವ್ವ ಆಯಿ ಎದ್ದಳು. ಸಭೆಯಲ್ಲಿ ಎಂದೂ ತುಟಿ ಬಿಚ್ಚದ ಮುದುಕಿ. “ಸೋಮು, ನಿನ್ನ ಮಗಾ ಎಲ್ಲಿ ಹುಟ್ಟ್ಯಾನ ಹೇಳು” ಎಂದಳು. ಸೋಮಶೇಖರನ ಮುಖದ ನಗು ಹೋಯಿತು. “ಅವ್ವಾ, ಸುಮ್ಮ ಕುಂಡ್ರು” ಎಂದ. ಆಕೆ ಕೂರಲಿಲ್ಲ. “ಗೋಕಾಕ ದವಾಖಾನ್ಯಾಗ ಅಂತ ಬೀಗರ ಮುಂದೆಲ್ಲಾ ಹೇಳಿಕೋತ ಬಂದಿ. ನಾನೂ ಹೂಂ ಅಂದೆ. ಖರೆ ಕೇಳ್ರೆಪಾ. ಈ ಸತ್ತೆಪ್ಪನ ಮನ್ಯಾಗ, ಇವನ ಹೆಣ್ತಿ ರಾಯವ್ವನ ಅಡಗಿಮನ್ಯಾಗ ಹುಟ್ಟ್ಯಾನ. ಆಕೀ ಒಲಿ ಮ್ಯಾಲಿನ ಬಿಸಿನೀರಾಗ ಅವನ ಮೈ ತೊಳದೇನಿ. ಆಕಿ ಕಾಸಿದ ಗಂಜಿ ಕುಡದ ನನ್ನ ಸೊಸಿ ಬದಕ್ಯಾಳ. ಅವತ್ತ ಎರಡನೇ ಅಡಗಿಮನಿ ಎಲ್ಲಿತ್ತೋ?”

ಹಿಂದಿನ ನೆರೆ ಬಂದ ಆ ಮಳೆಗಾಲ ನಿನಗೆ ರಜೆ ಸಿಕ್ಕಿರಲಿಲ್ಲ, ಈ ಸಂಗತಿ ನಿನಗೂ ಹೇಳಿರಲಿಲ್ಲ. ಹೆರಿಗೆ ನೋವು ತಿನ್ನುತ್ತಿದ್ದ ಆಯಿಯ ಸೊಸೆ ಭಾಗ್ಯಾಳನ್ನು ಹೊರಸಿನ ಮೇಲೆ ಹೊತ್ತು ತಂದಾಗ ಸೋಮಶೇಖರ ಗೋಕಾಕದಲ್ಲಿ ಸಿಕ್ಕಿಬಿದ್ದಿದ್ದ. ದಿಬ್ಬದ ಮೇಲಿದ್ದ ಹೆಂಗಸರಿಗೆಲ್ಲ ಗೊತ್ತು, ಆದರೆ “ಬಾಣಂತಿ ಮಾತು ಹೊರಗ ಹಾಕಬಾರದು” ಎಂದು ಅವ್ವ ಎಲ್ಲರ ಬಾಯಿ ಕಟ್ಟಿಸಿದ್ದಳು. ಈಗ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಮೊದಲು ಕೈ ಎತ್ತಿದವಳು ಭಾಗ್ಯಾ. ಗಂಡನ ಕಡೆಗೆ ನೋಡದೆ “ಒಂದ ಅಡಗಿಮನಿ ಸಾಕ್ರಿ” ಎಂದಳು. ಆಮೇಲೆ ಹೆಂಗಸರೆಲ್ಲ ಎತ್ತಿದರು, ಗಂಡಸರು ಅಕ್ಕಪಕ್ಕ ನೋಡುತ್ತಾ ಒಬ್ಬೊಬ್ಬರಾಗಿ. ಎತ್ತದವರೂ ಇದ್ದರು. ಎಂಜಿನಿಯರ್ ಪೆನ್ನು ತೆಗೆದು ನಕಾಶೆಯ ಮೇಲೆ ಎರಡನೆಯದಕ್ಕೆ ಕಾಟು ಹಾಕಿದರು. ಅಪ್ಪ ಒಪ್ಪಿಗೆ ಎಂದು ಹೇಳಿ ಕುಳಿತುಬಿಟ್ಟ. ಸೋಮಶೇಖರ ಚಹಾ ಕುಡಿಯದೆ ಗಾಡಿ ಹತ್ತಿ ಹೋದ.

ನಾನು ಗೆದ್ದೆವೆಂದು ಖುಷಿಪಡಬೇಕು, ಆದರೆ ಆ ನಕಾಶೆಯಲ್ಲಿ ಎರಡನೆಯದನ್ನು ಅಷ್ಟು ಅಂದವಾಗಿ, ಗೆರೆ ಕೊಂಕದ ಹಾಗೆ ಬರೆದಿದ್ದರಲ್ಲ, ಅದೇ ಕಣ್ಣ ಮುಂದೆ ಬರುತ್ತದೆ. ಪಾಯ ತೋಡುವುದು ಬರುವ ವಾರ ಶುರು.

ಮೈ ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಅವ್ವರ ಆಶೀರ್ವಾದ ನಿನ್ನ ಬೆನ್ನಿಗಿದೆ, ನಿನ್ನ ಜೊತೆಯವರಿಗೆಲ್ಲ ನಮ್ಮ ಮನೆಯಿಂದ ಜೈಭೀಮ ಹೇಳು.

ನಿನ್ನ ತಂಗಿ,
ನಂದಿನಿ

ತಾ.ಕ.: ಅಣ್ಣಾ, ಲಕೋಟೆ ಅಂಟಿಸುವಷ್ಟರಲ್ಲಿ ಶಿವವ್ವ ಆಯಿ ಬಟ್ಟೆಯ ಗಂಟು ಹಿಡಿದು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತುಬಿಟ್ಟಿದ್ದಾಳೆ! “ನನ್ನ ಮಗಾ ಇಲ್ಲಿ ಬಂದು, ರಾಯವ್ವನ ಕೈಯಾಗಿನ ರೊಟ್ಟಿ ತಿಂದು ಕರದರಷ್ಟ ಎದ್ದ ಹೋಗಾಕಿ” ಎನ್ನುತ್ತಾಳೆ. ಅವ್ವ ಕೈಯಲ್ಲಿ ಹಿಟ್ಟು ಹಿಡಿದು ನಿಂತೇ ಇದ್ದಾಳೆ, ಅಪ್ಪ ಆಕೆಗೆ ಚಾಪೆ ಹಾಸುತ್ತಿದ್ದಾನೆ. ಸೋಮಶೇಖರನೂ ನೀನೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರಲ್ಲವೇ? ಈ ಕಾಗದ ಮುಟ್ಟುವ ಹೊತ್ತಿಗೂ ಅವನು ಬಂದಿರದಿದ್ದರೆ, ಈ ಸಲ ಫೋನು ಸಿಕ್ಕಾಗ ನಮಗೆ ಮಾಡಬೇಡ. ಅವನಿಗೆ ಮಾಡು. ನ್ಯಾಯ ಹೇಳಬೇಡ, ಬೈಯಬೇಡ. ನಮ್ಮ ಮನೆಗೆ ಊಟಕ್ಕೆ ಹೋಗು ಎಂದಷ್ಟೇ ಹೇಳು.